ಕೋಲ್ಕತ್ತದ ತೇಗ, ಪಿಕ್ಟನ್ನಿನ ದಂಡೆ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಪಿಕ್ಟನ್ ಎಂಬ ಚಿಕ್ಕ ಬಂದರಿದೆ. ಅಲ್ಲಿನ ಡ್ರೈ ಡಾಕಿನಲ್ಲಿ, ಚಾವಣಿಯಡಿ, ಹಾಯಿಹಡಗೊಂದರ ಒಡಲು ನಿಂತಿದೆ. ಕೂವೆಮರವಿಲ್ಲ, ಹಾಯಿಯಿಲ್ಲ. ಹೆಸರು ‘ಎಡ್ವಿನ್ ಫಾಕ್ಸ್’. ಹುಟ್ಟಿದ್ದು ಮಾತ್ರ ನಮ್ಮ ಹೂಗ್ಲಿ ನದಿಯ ದಂಡೆಯಲ್ಲಿ. 1853ರಲ್ಲಿ ಕೋಲ್ಕತ್ತದ ಬಡಗಿಗಳು ತೇಗ ಮತ್ತು ಸಾಲ್ ಮರಗಳಿಂದ ಕಟ್ಟಿದ ಹಡಗಿದು.

ವೇಗಕ್ಕಾಗಲೀ ಅಂದಕ್ಕಾಗಲೀ ಇದು ಹೆಸರಾದದ್ದಲ್ಲ. ಬಾಡಿಗೆ ಕೊಟ್ಟವರು ಹೇರಿದ್ದನ್ನು ಹೊತ್ತು ಸಾಗಿತು, ಅಷ್ಟೆ. ಕ್ರಿಮಿಯಾ ಯುದ್ಧದ ಕಾಲದಲ್ಲಿ ಸೈನಿಕರು, ಆಮೇಲೆ ಕ್ಯೂಬಾಕ್ಕೆ ಚೀನೀ ಕೂಲಿಗಳು, 1858ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ಗೆ 280 ಕೈದಿಗಳು.

1870ರ ದಶಕದಲ್ಲಿ ನ್ಯೂಜಿಲೆಂಡ್ ಸರ್ಕಾರ ಅರ್ಥಮಂತ್ರಿ ಜೂಲಿಯಸ್ ವೋಗೆಲ್ ಅವರ ಯೋಜನೆಯಂತೆ ಸಾಲ ತಂದು ರೈಲು, ರಸ್ತೆ ಹಾಕಿಸತೊಡಗಿತು. ದುಡಿಯುವ ಕೈಗಳು ಬೇಕಾದವು. ಪ್ರಯಾಣದ ಖರ್ಚು ತಾನೇ ವಹಿಸಿ ಬ್ರಿಟನ್ನಿನಿಂದ ಜನರನ್ನು ಕರೆಸಿಕೊಂಡಿತು. 1873ರಿಂದ 1880ರವರೆಗೆ ನಾಲ್ಕು ಸಲ ಬಂದ ಎಡ್ವಿನ್ ಫಾಕ್ಸ್ 751 ಮಂದಿಯನ್ನು ಇಳಿಸಿತು. ಅಂದಿನ ವಲಸಿಗರ ಹಡಗಿನಲ್ಲಿ ಬಡವರ ಜಾಗ ಮೇಲಟ್ಟದ ಕೆಳಗೆ. ಅಂತಸ್ತಿನ ಹಲಗೆ ಮಂಚಗಳು, ಮಂಕು ಲಾಟೀನು. ಬಿರುಗಾಳಿ ಎದ್ದರೆ ಮೇಲಿನ ಬಾಗಿಲು ಬಂದ್. ಆ ಕತ್ತಲೆಯಲ್ಲೇ ಅಡುಗೆಯ ವಾಸನೆ, ವಾಂತಿ, ಮಕ್ಕಳ ಅಳು. ಹೀಗೆ ಮೂರು ತಿಂಗಳಿಗೂ ಮಿಗಿಲು.

ಉಗಿಹಡಗುಗಳ ಮುಂದೆ ಹಾಯಿಯ ಆಟ ನಡೆಯಲಿಲ್ಲ. 1885ರ ಹೊತ್ತಿಗೆ ಇದರೊಳಗೆ ಶೀತಯಂತ್ರ ಕೂರಿಸಿ, ಕುರಿಮಾಂಸ ಹೆಪ್ಪುಗಟ್ಟಿಸುವ ತೇಲುವ ಉಗ್ರಾಣ ಮಾಡಿದರು. 1897ರಲ್ಲಿ ಪಿಕ್ಟನ್‌ಗೆ ಬಂತು. ಮುಂದೆ ಪಕ್ಕೆ ಕೊರೆಸಿಕೊಂಡು ಕಲ್ಲಿದ್ದಲ ಗೋದಾಮಾಯಿತು. 1950ರ ಬಳಿಕ ಕೇಳುವವರಿಲ್ಲ. 1965ರಲ್ಲಿ ಅದನ್ನು ಉಳಿಸಹೊರಟ ಸಂಘವೊಂದು ಒಂದೇ ಒಂದು ಶಿಲಿಂಗ್ ಕೊಟ್ಟು ಕೊಂಡಿತು. ಪಕ್ಕದ ಕೊಲ್ಲಿಯಲ್ಲಿ ಸುಮಾರು ಇಪ್ಪತ್ತು ವರ್ಷ ಬಿದ್ದಿದ್ದ ಒಡಲನ್ನು 1986ರಲ್ಲಿ ಮತ್ತೆ ತೇಲಿಸಿ ಪಿಕ್ಟನ್‌ಗೆ ತಂದರು; 1999ರಲ್ಲಿ ಡಾಕಿಗೆ ಏರಿಸಿದರು.

ಮೊದಲಿನ ಆಸೆ ಕೂವೆಮರ ನಿಲ್ಲಿಸಿ, ಹಾಯಿ ಕಟ್ಟಿ ಹೊಸದಾಗಿಸುವುದೇ ಆಗಿತ್ತು. ಹಾಗೆ ಮಾಡಿದ್ದರೆ ಉಳಿಯುತ್ತಿದ್ದುದು ಬಹುಪಾಲು ಹೊಸ ಮರ. ಕೊನೆಗೆ ಇದ್ದಂತೆಯೇ ಕಾಪಾಡುವುದೆಂದು ತೀರ್ಮಾನವಾಯಿತು. ನನಗೆ ಸರಿ ಕಂಡದ್ದು ಇದೇ. ವಂಶದ ಮೂಲ ಹುಡುಕಿ ಬರುವ ವಲಸಿಗರ ಮರಿಮಕ್ಕಳು ಮುಟ್ಟುವ ತೇಗದ ಮೇಲೆಯೇ ಕೈದಿಗಳೂ ಕೂಲಿಗಳೂ ಮಲಗಿದ್ದರು. ಥಳಥಳಿಸುವ ವಲಸಿಗರ ಹಡಗೊಂದನ್ನು ಕಟ್ಟಿ ನಿಲ್ಲಿಸಿದ್ದರೆ, ಆ ಕೈದಿ, ಕೂಲಿಗಳನ್ನು ಚರಿತ್ರೆಯಿಂದ ಕೆಳಗಿಳಿಸಿದಂತಾಗುತ್ತಿತ್ತು.