ಗಿಳಿಗಳ ಪಂಕ್ತಿಯಲ್ಲಿ ಬಡ್ಜಿ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ನಾಗವರ್ಮನ 'ಕರ್ಣಾಟಕ ಕಾದಂಬರಿ'ಯ ವೈಶಂಪಾಯನನೆಂಬ ಗಿಳಿ ರಾಜಸಭೆಯಲ್ಲಿ ತನ್ನ ಕಥೆಯನ್ನು ತಾನೇ ನಿರೂಪಿಸುತ್ತದೆ. ಮನ್ಮಥನಿಗೆ ಗಿಳಿಯೇ ವಾಹನ. ಮಧುರೆಯ ಮೀನಾಕ್ಷಿಯ ಕೈಯಲ್ಲಿಯೂ ಗಿಳಿ. ಇಂಥ ಕುಲೀನ ಗಿಳಿಗಳ ಸಹವಾಸದಲ್ಲಿದ್ದ ನನಗೆ, ಮೊಮ್ಮಗಳು ಪೇಟೆಯಿಂದ ಕೊಡಿಸಿಕೊಂಡು ಬಂದ ಪುಟ್ಟ ಹಕ್ಕಿಯನ್ನು ಗಿಳಿಯೆಂದು ಒಪ್ಪಲು ಮನಸ್ಸಾಗಲಿಲ್ಲವೆಂದರೆ ಆಶ್ಚರ್ಯವೇನು?

ಅಂಗಡಿಯವನೂ ಅದನ್ನು ಗಿಳಿಯೆಂದು ಮಾರಿರಲಿಲ್ಲ. 'ಲವ್ ಬರ್ಡ್' ಎಂದಿದ್ದ. ನಮ್ಮ ಪೇಟೆಗಳಲ್ಲೆಲ್ಲ ಅದೇ ಹೆಸರು, ಅದೂ ತಪ್ಪು ಹೆಸರು. ನಿಜವಾದ ಲವ್ ಬರ್ಡ್‌ಗಳು ಆಫ್ರಿಕದ ಕಡೆಯವು. ಇದು ಆಸ್ಟ್ರೇಲಿಯದ ಒಣನಾಡಿನ ಬಡ್ಜರಿಗಾರ್, ಬಳಕೆಯಲ್ಲಿ ಬಡ್ಜಿ. ಬಾಗಿದ ಕೊಕ್ಕು, ಮುಂದಕ್ಕೆರಡು ಹಿಂದಕ್ಕೆರಡು ಬೆರಳು: ಇದರ ಗಿಳಿತನಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ತೂಕ ಮಾತ್ರ 30–40 ಗ್ರಾಂ.

1805ರಲ್ಲಿ ಜಾರ್ಜ್ ಷಾ ಎಂಬ ವಿಜ್ಞಾನಿ ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದ. 1840ರಲ್ಲಿ ಜಾನ್ ಗೌಲ್ಡ್ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದ. ಅವನು ಇದರ ಕುಲಕ್ಕೆ ಇಟ್ಟ ಹೆಸರಿನ ಅರ್ಥ 'ಇನಿದನಿಯ ಗಿಳಿ'. ಕಾಡಿನಲ್ಲಿ ಇದರ ಬಣ್ಣ ಹಸುರು, ಹಳದಿ. ಇಂದು ನಾವು ಕಾಣುವ ನೀಲಿ, ಬಿಳಿಗಳೆಲ್ಲ ಪಂಜರದಲ್ಲಿ ಬೆಳೆಸಿದ ತಳಿಗಳು. ನಮ್ಮ ತೋಪಿನ ಹಸುರು ಗಿಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷೆಯುಂಟು. ಅದನ್ನು ಹಿಡಿಯುವುದು, ಮಾರುವುದು ಅಪರಾಧ. ಅದಕ್ಕಾಗಿಯೇ ಮನೆಮನೆಯ ಪಂಜರಕ್ಕೆ ಈ ಪರದೇಶಿ ಸುಲಭವಾಗಿ ಬಂದು ಕುಳಿತಿದೆ. ಆದರೂ ಸಾಕುಗಿಳಿಗಳ ಪಂಕ್ತಿಯಲ್ಲಿ ಇದಕ್ಕೆ ಕೊನೆಯ ಎಲೆ. ಮಕಾವ್‌ಗಾಗಿ ಸಾವಿರಗಟ್ಟಲೆ ತೆತ್ತವನು ಅದರ ಆರೋಗ್ಯವನ್ನು ವಿಚಾರಿಸುತ್ತಾನೆ; ಬಡ್ಜಿ ಸತ್ತರೆ ಇನ್ನೊಂದು ತಂದರಾಯಿತು ಎನ್ನುತ್ತೇವೆ.

ಮಾತಿನಲ್ಲಿ ಮಾತ್ರ ಇದು ಹಿಂದುಳಿದದ್ದಲ್ಲ. ಕ್ಯಾಲಿಫೋರ್ನಿಯದ 'ಪಕ್' ಎಂಬ ಬಡ್ಜಿಗೆ 1,728 ಪದಗಳು ಬರುತ್ತಿದ್ದುವೆಂದು ಗಿನ್ನೆಸ್ ದಾಖಲೆ ಹೇಳುತ್ತದೆ. ಅದು ಸತ್ತದ್ದು 1994ರಲ್ಲಿ. "ಒಂಟಿಯಾಗಿ ಸಾಕಿ ಸ್ವಾಮಿ, ಜೋಡಿ ಇದ್ದರೆ ಮಾತು ಕಲಿಯೋದಿಲ್ಲ" ಎಂದು ಅಂಗಡಿಯವನು ಹೇಳಿದ್ದ. ನಾವು ಹಾಗೆಯೇ ಸಾಕಿದೆವು. ದಿನವೂ 'ನಮಸ್ಕಾರ' ಹೇಳಿಕೊಟ್ಟೆ. ಮೂರು ತಿಂಗಳ ಮೇಲೆ ಅದು ಆಡಿದ ಮೊದಲ ಮಾತು, ಪ್ರತಿ ಬೆಳಗ್ಗೆ ನಾನು ಅಡಿಗೆಮನೆಯತ್ತ ಕೂಗುವ "ಕಾಫಿ ಆಯ್ತೇನೆ?" ಎಂಬುದು. ಮನೆಯವರೆಲ್ಲ ನಕ್ಕರು. ಬಂದ ನೆಂಟರಿಗೆಲ್ಲ ಅದನ್ನು ಕೇಳಿಸಿ ನಾನೂ ಬೀಗಿದೆ.

ಆಮೇಲೆ ಕುತೂಹಲದಿಂದ ಓದಿ ತಿಳಿದೆ. ಈ ಹಕ್ಕಿಗಳು ಮಳೆಯನ್ನು ಅನುಸರಿಸಿ, ಹುಲ್ಲಿನ ಬೀಜವನ್ನು ಅರಸಿ ಹಿಂಡುಗಟ್ಟಿ ಅಲೆಯುತ್ತವೆ. ಒಂದನ್ನೊಂದು ಕರೆಯಲು ಅವಕ್ಕೆ ಕೂಗುಗಳುಂಟು. ಜೋಡಿಯಾದ ಗಂಡುಹಕ್ಕಿ ಕೆಲವೇ ವಾರಗಳಲ್ಲಿ ತನ್ನ ಹೆಣ್ಣಿನ ಕೂಗನ್ನು ಕಲಿತು, ಅದೇ ಧ್ವನಿಯಲ್ಲಿ ಓಗೊಡುತ್ತದೆ. ಅದರ ಅನುಕರಣ ಶಕ್ತಿ ಇರುವುದು ಸಂಗಾತಿಗಾಗಿ. ಸಂಗಾತಿಯಿಲ್ಲದಾಗ ಕಿವಿಗೆ ಬಿದ್ದ ನಮ್ಮ ಮಾತನ್ನೇ ಹಿಂಡಿನ ಮಾತೆಂದು ಹಿಡಿದುಕೊಳ್ಳುತ್ತದೆ. ನಾವು ನಕ್ಕದ್ದು ಅದರ ಒಂಟಿತನಕ್ಕೆ!

ಅಂದು ವೈಶಂಪಾಯನ ಮತ್ತೆ ನೆನಪಾದ. ಅವನು ಶಾಪದಿಂದ ಗಿಳಿಯಾದ ಮನುಷ್ಯ. ಅವನಿಗೆ ಮನುಷ್ಯರ ಮಾತು ಸಹಜ. ನನ್ನ ಬಡ್ಜಿಗೆ ನಾನು ಕೊಟ್ಟದ್ದು ಅದರ ವಿಪರೀತ ಶಾಪ. ಗಿಳಿಯಾಗಿ ಹುಟ್ಟಿದ್ದನ್ನು ಮನುಷ್ಯನಂತೆ ಮಾತಾಡೆಂದು ಒಂಟಿಯಾಗಿ ಕೂರಿಸಿದ್ದೆ. ಹೊರಗೆ ಬಿಟ್ಟರೆ ಕಾಗೆ ಹದ್ದುಗಳ ಪಾಲಾಗುತ್ತಿತ್ತು. ಆದ್ದರಿಂದ ಪಂಜರವನ್ನು ದೊಡ್ಡದು ಮಾಡಿಸಿ, ಒಂದು ಹೆಣ್ಣು ಬಡ್ಜಿಯನ್ನು ತಂದೆ. ಗಂಡಿನ ಕೊಕ್ಕಿನ ಮೇಲ್ಭಾಗ ನೀಲಿ, ಹೆಣ್ಣಿನದು ಕಂದು, ಗುರುತಿಸುವುದು ಕಷ್ಟವಲ್ಲ.

ಇಬ್ಬರ ಕಲಕಲ ಬೆಳಗಿನಿಂದ ಸಂಜೆಯವರೆಗೂ ನಡೆಯಿತು. ದಿನ ಕಳೆದಂತೆ ಕನ್ನಡ ಕಡಿಮೆಯಾಯಿತು. ಒಂದು ದಿನ ಮೊಮ್ಮಗಳು ಮುಖ ಸಪ್ಪೆ ಮಾಡಿ, "ತಾತ, ಇದು ಮಾತೇ ಮರೆತುಬಿಟ್ಟಿತಲ್ಲ!" ಎಂದಳು.

"ಮರೆತಿಲ್ಲ ಪುಟ್ಟಿ, ಕೇಳು, ಎಷ್ಟು ಮಾತಾಡ್ತಾ ಇದೆ" ಎಂದೆ.

ಅವಳು ಸ್ವಲ್ಪ ಹೊತ್ತು ಕೇಳುತ್ತ ನಿಂತಳು. ಬೆಳಗ್ಗೆ ಕಾಫಿ ವಿಚಾರಿಸುವವನು ಈಗ ಮನೆಯಲ್ಲಿ ನಾನೊಬ್ಬನೇ.