ಒಮ್ಮೆ ಹಾಕಿದ ಲೆಕ್ಕ ಸಾಲದು



ಈ ಶಾಲೆಯಲ್ಲಿ ಕಲಿತು, ಬಿ.ಇ. ಮುಗಿಸಿ, ಸಾಫ್ಟ್‌ವೇರ್ ಕೆಲಸ ಮಾಡುವವ ನಾನು. ಇಂದು ನನ್ನ ಸೋದರಮಾವನ ಬಗ್ಗೆ ಎರಡು ಮಾತು ಹೇಳುತ್ತೇನೆ.

ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು. ಆರು ವಾರಗಳಲ್ಲಿ 30 ಸಲ, ಒಟ್ಟು 60 ಗ್ರೇ ವಿಕಿರಣ ಕೊಡಲು ಮೊದಲ ಸಿ.ಟಿ. ಸ್ಕ್ಯಾನ್ ನೋಡಿ ಲೆಕ್ಕ ಹಾಕಿದ್ದರು. ಮೂರನೆಯ ವಾರ ಮತ್ತೆ ಸ್ಕ್ಯಾನ್ ಬೇಕೆಂದರು. ‘ರೊಕ್ಕಕ್ಕಾಗಿ ಹೇಳ್ತಾರ, ಬ್ಯಾಡ ಮಾಮಾ’ ಎಂದವನು ನಾನೇ!

ವೈದ್ಯರು ಸ್ಕ್ಯಾನ್ ಮಾಡಿಸಿ ಎರಡೂ ಚಿತ್ರ ತೋರಿಸಿದರು. ಗಡ್ಡೆ ಕುಗ್ಗಿತ್ತು. ಮುಚ್ಚಿಹೋಗಿದ್ದ ಶ್ವಾಸಕೋಶದ ಭಾಗಕ್ಕೆ ಗಾಳಿ ತುಂಬಿ, ಗಡ್ಡೆ ಜಾಗವನ್ನೇ ಬದಲಿಸಿತ್ತು. ಮಾಮಾನ ತೂಕವೂ ಇಳಿದಿತ್ತು. ಗಾಳಿ ಇರುವಲ್ಲಿ ಕಿರಣಕ್ಕೆ ತಡೆ ಕಡಿಮೆ. ಹಳೆಯ ಲೆಕ್ಕದಲ್ಲೇ ಮುಂದುವರಿದರೆ ಗಡ್ಡೆಯ ಅಂಚಿಗೆ ಕಡಿಮೆ, ಅನ್ನನಾಳಕ್ಕೋ ಬೆನ್ನುಹುರಿಗೋ ಹೆಚ್ಚು ಬೀಳಬಹುದಿತ್ತು. ಹೊಸ ಚಿತ್ರದ ಮೇಲೆ ಲೆಕ್ಕ ತಿದ್ದಿದರು.

1989ರಲ್ಲಿ ನಮ್ಮ ರೈತರು ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜಿನಲ್ಲೂ ಹೊಳೆ ನೋಡಿಯೇ ಗೇಟು ಹಾಕುತ್ತೇವೆ, ತೆಗೆಯುತ್ತೇವೆ. ಇದೂ ಹಾಗೆಯೇ. ವೈದ್ಯರು ಮತ್ತೆ ಸ್ಕ್ಯಾನ್ ಎಂದರೆ ಕಾರಣ ಕೇಳಿ, ಆದರೆ ನನ್ನಂತೆ ಅಡ್ಡಿ ಮಾಡಬೇಡಿ. ನಡುವೆ ತೂಕ ಇಳಿದರೆ, ಉಸಿರಾಟ ಬದಲಾದರೆ ನೀವೇ ಅವರಿಗೆ ಹೇಳಿ.

ಪ್ರಶ್ನೆ ಕೇಳುವುದನ್ನೂ, ತಪ್ಪಿದ ಲೆಕ್ಕ ತಿದ್ದುವುದನ್ನೂ ಕಲಿಸಿದ ಈ ಶಾಲೆಗೆ ಶರಣು.