ಮರ್ಕಂಜಕ್ಕೊಂದು ಅಂಕಿ

ಸುಳ್ಯ ತಾಲ್ಲೂಕಿನ ಮರ್ಕಂಜದಲ್ಲಿ ಒಂದು ಕುಟುಂಬದ ತಿಂಗಳ ಖರ್ಚೆಷ್ಟು? 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ರಾಜ್ಯದ ಸರಾಸರಿಯನ್ನು ಚೆನ್ನಾಗಿ ಹೇಳೀತು. ಮರ್ಕಂಜವೇ ಆಯ್ಕೆಯಾದರೂ ಅಲ್ಲಿ ವಿಚಾರಿಸುವುದು ಕೆಲವೇ ಮನೆಗಳನ್ನು. ಅವುಗಳಲ್ಲಿ ದೊಡ್ಡ ಅಡಿಕೆ ತೋಟದ ಮನೆಯೊಂದು ಸೇರಿದರೆ ಸಾಕು, ಸರಾಸರಿ ಜಿಗಿಯುತ್ತದೆ! ಇಡೀ ತಾಲ್ಲೂಕಿನ ಸರಾಸರಿಯನ್ನೇ ಹಚ್ಚೋಣವೆಂದರೆ, ಹಳದಿ ಎಲೆ ರೋಗಕ್ಕೆ ತೋಟ ಕಳೆದುಕೊಂಡವರ ಬವಣೆ ಅದರಲ್ಲಿ ಮರೆಯಾಗುತ್ತದೆ.

ಅಮೆರಿಕದ ಸಣ್ಣ ಊರುಗಳ ಆದಾಯಕ್ಕಾಗಿ ಫೇ ಮತ್ತು ಹೆರಿಯಟ್ 1979ರಲ್ಲಿ ಎರಡನ್ನೂ ಬೆರೆಸುವ ದಾರಿ ತೋರಿದರು. ವಿಚಾರಿಸಿದ ಮನೆಗಳು ಹೆಚ್ಚಿದ್ದರೆ ಊರಿನ ಅಂಕಿಗೆ ತೂಕ ಹೆಚ್ಚು; ಕಡಿಮೆಯಿದ್ದರೆ ಜನಗಣತಿಯಂಥ ನೆರವಿನ ಮಾಹಿತಿಯಿಂದ ಕಟ್ಟಿದ ಅಂದಾಜಿಗೆ. ಮೂರರಲ್ಲಿ ನನಗೆ ಒಪ್ಪಿಗೆಯಾದುದು ಇದೇ. ಆದರೆ ಒಂದು ಮನೆಯನ್ನೂ ವಿಚಾರಿಸದ ಊರಿಗೆ ಸಿಗುವುದು ಪೂರ್ತಿ ಎರವಲು ಅಂಕಿಯೇ.